ಮೊಬೈಲ್ ಪರದೆಯ ಜೂಜುಕಟ್ಟೆ: ಆಟ ನಿಲ್ಲಿಸುವ ಹೊತ್ತು ಯಾವುದು?

ಸಕಲೇಶಪುರ: ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರಿ ಮಾರಾಟವಾಗುವ ದಿನಗಳಲ್ಲಿ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಳೆಗಾರರ ಕೈಗೆ ವರ್ಷದ ಹಣ ಒಮ್ಮೆಲೇ ಬರುತ್ತದೆ. ಲೈನ್ ಮನೆಗಳಲ್ಲಿ ವಾಸಿಸುವ ತೋಟದ ಕಾರ್ಮಿಕರಿಗೆ ವಾರದ ಬಟವಾಡೆ ಸಿಗುತ್ತದೆ. ಹಣ ಕೈಸೇರುವ ಈ ಎರಡೂ ದಿನಗಳನ್ನು ಕಾದು ಕುಳಿತಿರುತ್ತಿದ್ದ ಇಸ್ಪೀಟು ಅಡ್ಡೆ, ಮಟ್ಕಾ ಚೀಟಿ, ಲಾಟರಿ ಅಂಗಡಿಗಳು ಮಲೆನಾಡಿಗೆ ಹೊಸವಲ್ಲ. ಈಗ ಆ ಅಡ್ಡೆ ಊರ ಹೊರಗಿನ ತೋಪಿನಿಂದ ಅಂಗಿಯ ಜೇಬಿಗೆ ಬಂದಿದೆ. ತಿರುಗುವ ಚಕ್ರ, ಮೂರೆಲೆ ಆಟ, ಬಣ್ಣ ಊಹಿಸುವ ಆಟ, ಮೇಲೇರುವ ವಿಮಾನದ ಆಟ ಹೀಗೆ ಕ್ಯಾಸಿನೊ ಮಾದರಿಯ ಹತ್ತಾರು ಆಟಗಳು ಮೊಬೈಲ್ ಪರದೆಯಲ್ಲಿ ಹಗಲಿರುಳೂ ತೆರೆದೇ ಇರುತ್ತವೆ.

ಮಳೆಗಾಲದ ದೀರ್ಘ ಸಂಜೆ, ಕಾಡಾನೆಗಳ ಭೀತಿಯಿಂದ ಕತ್ತಲಾದ ಮೇಲೆ ಹೊರಗೆ ಕಾಲಿಡಲಾಗದ ಸ್ಥಿತಿ, ಹತ್ತಿರದಲ್ಲಿ ಬೇರೆ ಮನರಂಜನೆಯಿಲ್ಲದ ಒಂಟಿ ಮನೆಗಳು ಈ ಆಟಗಳಿಗೆ ಅನುಕೂಲವಾದ ಪರಿಸರವನ್ನು ಒದಗಿಸಿವೆ. ಆಡುವವರೆಲ್ಲರೂ ಚಟಕ್ಕೆ ಬೀಳುವುದಿಲ್ಲ ಎಂಬುದು ನಿಜ. ಹೆಚ್ಚಿನವರಿಗೆ ಇದು ಹೊತ್ತು ಕಳೆಯುವ ಸಾಧನ ಮಾತ್ರ. ಆದರೆ ಹೊತ್ತು ಕಳೆಯುವ ಆಟ ಬದುಕು ಕಳೆಯುವ ಆಟವಾಗುವುದು ಯಾವ ಹಂತದಲ್ಲಿ? ಅದನ್ನು ಆಡುವವನೇ ಗುರುತಿಸುವುದು ಹೇಗೆ? ಮನೆಯವರು ಏನು ಮಾಡಬಹುದು? ಕಾನೂನು ಏನನ್ನು ಹೇಳುತ್ತದೆ? ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಬ್ಬದ ಆಟಕ್ಕೂ ಮೊಬೈಲ್ ಆಟಕ್ಕೂ ಇರುವ ಅಂತರ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ಸಮಯದಲ್ಲಿ ಇಸ್ಪೀಟು ಆಡುವ ರೂಢಿ ಬಹುಕಾಲದಿಂದ ಬಂದಿದೆ. ಹಣ ಕಟ್ಟಿ ಆಡುವುದು ಕಾನೂನಿಗೆ ವಿರುದ್ಧವೇ ಆದರೂ, ಪೊಲೀಸರು ಪ್ರತಿವರ್ಷ ಎಚ್ಚರಿಕೆ ನೀಡುತ್ತಲೇ ಇದ್ದರೂ ಆ ರೂಢಿ ಸಂಪೂರ್ಣವಾಗಿ ನಿಂತಿಲ್ಲ. ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಆದರೆ ಆ ಆಟಕ್ಕೆ ತಾನಾಗಿಯೇ ಬೀಳುತ್ತಿದ್ದ ಕಡಿವಾಣಗಳನ್ನು ಗಮನಿಸಿದರೆ ಇಂದಿನ ತೊಂದರೆಯ ಸ್ವರೂಪ ಸ್ಪಷ್ಟವಾಗುತ್ತದೆ.

ಮೊದಲನೆಯದು ಕಾಲದ ಕಡಿವಾಣ: ಹಬ್ಬ ಮುಗಿದರೆ ಆಟವೂ ಮುಗಿಯುತ್ತಿತ್ತು. ಎರಡನೆಯದು ಸ್ಥಳದ ಕಡಿವಾಣ: ಆಡಬೇಕೆಂದರೆ ಎದ್ದು ಅಲ್ಲಿಗೆ ಹೋಗಬೇಕಿತ್ತು. ಮೂರನೆಯದು ಜನರ ಕಡಿವಾಣ: ಎದುರಿಗೆ ಕುಳಿತ ಪರಿಚಿತರಲ್ಲಿ ಒಬ್ಬರಾದರೂ ‘ಸಾಕು ಮಾರಾಯ, ಏಳು’ ಎನ್ನುತ್ತಿದ್ದರು. ನಾಲ್ಕನೆಯದು ನಗದಿನ ಕಡಿವಾಣ: ಜೇಬು ಖಾಲಿಯಾದರೆ ಆಟ ಅಲ್ಲಿಗೆ ನಿಲ್ಲುತ್ತಿತ್ತು, ಸಾಲ ಬೇಕೆಂದರೆ ಬಾಯಿ ಬಿಟ್ಟು ಕೇಳಬೇಕಿತ್ತು. ಐದನೆಯದು ದೇಹದ ಕಡಿವಾಣ: ನಿದ್ದೆ, ಹಸಿವು, ಸೊಂಟನೋವು ಆಟಗಾರನನ್ನು ಎಬ್ಬಿಸುತ್ತಿದ್ದವು.

ಮೊಬೈಲ್ ಆಟ ಈ ಐದನ್ನೂ ಕಳಚಿಹಾಕಿದೆ. ಅದಕ್ಕೆ ಹಬ್ಬವೂ ಇಲ್ಲ, ಹೊತ್ತೂ ಇಲ್ಲ. ಹಾಸಿಗೆಯಲ್ಲಿ ಮಲಗಿಯೇ ಆಡಬಹುದು. ಪಕ್ಕದಲ್ಲಿ ಮಲಗಿದ ಹೆಂಡತಿಗೂ ತಿಳಿಯುವುದಿಲ್ಲ. 2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಆರಂಭವಾದ ನಂತರ ಬ್ಯಾಂಕ್ ಖಾತೆಯ ಇಡೀ ಹಣವೇ ಜೇಬಿನ ನಗದಾಗಿದೆ. ಅದೂ ಮುಗಿದರೆ ಅದೇ ಫೋನಿನಲ್ಲಿ ಸಾಲ ಕೊಡುವ ಆ್ಯಪ್ ಕಾದಿರುತ್ತದೆ. ಹೊರಗಿನ ಕಡಿವಾಣಗಳೆಲ್ಲ ಹೋದ ಮೇಲೆ ನಿಲ್ಲಿಸುವ ಹೊಣೆ ಪೂರ್ತಿಯಾಗಿ ಆಡುವವನ ಮನಸ್ಸಿನ ಮೇಲೆ ಬಿದ್ದಿದೆ. ಆ ಮನಸ್ಸನ್ನೇ ಸಡಿಲಿಸುವಂತೆ ಆಟವನ್ನು ರೂಪಿಸಲಾಗಿದೆ ಎಂಬುದು ತೊಂದರೆಯ ಮೂಲ.

ಲೆಕ್ಕ ಯಾರ ಕಡೆಗಿದೆ?

ಜೂಜಿನಲ್ಲಿ ಅದೃಷ್ಟಕ್ಕಿಂತ ದೊಡ್ಡದು ಲೆಕ್ಕ. ನಮ್ಮ ಜಿಲ್ಲೆಗಳಲ್ಲಿ ಬಹುಕಾಲ ಕೇಳಿಬಂದ ಮಟ್ಕಾ ಕರೆಯನ್ನೇ ತೆಗೆದುಕೊಳ್ಳೋಣ: ‘ಒಂದು ರೂಪಾಯಿಗೆ ಎಂಬತ್ತು ರೂಪಾಯಿ’. ಕೇಳಲು ಆಕರ್ಷಕ. ಆದರೆ ಎರಡಂಕಿಯ ಸಂಖ್ಯೆಗಳು 00ರಿಂದ 99ರವರೆಗೆ ಒಟ್ಟು ನೂರು. ನೂರು ಸಂಖ್ಯೆಗಳಿಗೂ ಒಂದೊಂದು ರೂಪಾಯಿ ಕಟ್ಟಿದರೆ ನೂರು ರೂಪಾಯಿ ಖರ್ಚಾಗಿ ಎಂಬತ್ತು ರೂಪಾಯಿ ಮರಳುತ್ತದೆ. ಉಳಿದ ಇಪ್ಪತ್ತು ರೂಪಾಯಿ ಆಡಿಸುವವನದು. ಯಾರು ಗೆದ್ದರೂ ಯಾರು ಸೋತರೂ ಪ್ರತಿ ರೂಪಾಯಿಯಲ್ಲಿ ಇಪ್ಪತ್ತು ಪೈಸೆ ಅವನಿಗೆ ಖಾತ್ರಿ.

ಕ್ಯಾಸಿನೊ ಆಟಗಳಲ್ಲಿ ಆಡಿಸುವವನ ಪಾಲು ಇದಕ್ಕಿಂತ ಕಡಿಮೆ. ಯುರೋಪಿನ ಮಾದರಿಯ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ. ಗೆದ್ದ ಸಂಖ್ಯೆಗೆ ಕಟ್ಟಿದ ಹಣದ 35 ಪಟ್ಟು ಲಾಭ ಕೊಡುತ್ತಾರೆ. ಆ ಸಣ್ಣ ವ್ಯತ್ಯಾಸದಿಂದ ನೂರಕ್ಕೆ ಸುಮಾರು 2.7ರಷ್ಟು ಆಡಿಸುವವನ ಪಾಲಾಗುತ್ತದೆ. ಅಮೆರಿಕದ ಚಕ್ರದಲ್ಲಿ ಇನ್ನೊಂದು ಸೊನ್ನೆ ಸೇರಿ 38 ಮನೆಗಳಾಗುವುದರಿಂದ ಈ ಪಾಲು 5.26ಕ್ಕೆ ಏರುತ್ತದೆ.

ಪಾಲು ಕಡಿಮೆಯಾದರೆ ನಷ್ಟವೂ ಕಡಿಮೆ ಎಂದು ಭಾವಿಸುವುದು ಸಹಜ. ವೇಗವನ್ನು ಸೇರಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಮಟ್ಕಾ ದಿನಕ್ಕೆ ಒಂದೆರಡು ಬಾರಿ ಮಾತ್ರ. ಮೊಬೈಲ್ ಚಕ್ರ ಆರು ಸೆಕೆಂಡಿಗೊಮ್ಮೆ ತಿರುಗಿದರೂ ಗಂಟೆಗೆ 600 ಸುತ್ತುಗಳಾಗುತ್ತವೆ. ಸುತ್ತಿಗೆ ಹತ್ತು ರೂಪಾಯಿಯಂತೆ ಕಟ್ಟಿದರೆ ಗಂಟೆಯಲ್ಲಿ ಒಟ್ಟು ಆರು ಸಾವಿರ ರೂಪಾಯಿ ಪಣಕ್ಕಿಟ್ಟಂತಾಯಿತು. ಆಡಿಸುವವನ ಪಾಲು ನೂರಕ್ಕೆ ಐದು ಎಂದಿಟ್ಟುಕೊಂಡರೂ ಸರಾಸರಿ ನಷ್ಟ ಗಂಟೆಗೆ 300 ರೂಪಾಯಿ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 25 ದಿನ ಆಡಿದರೆ 15 ಸಾವಿರ ರೂಪಾಯಿ. ‘ನಾನು ಹತ್ತು ರೂಪಾಯಿಯ ಆಟವಷ್ಟೇ ಆಡುವುದು’ ಎನ್ನುವವನ ಮಾತು ಸುಳ್ಳಲ್ಲ. ಆದರೆ ಅವನು ಎಷ್ಟು ಬಾರಿ ಹತ್ತು ರೂಪಾಯಿ ಕಟ್ಟಿದ ಎಂಬ ಲೆಕ್ಕ ಅವನಲ್ಲಿ ಇರುವುದಿಲ್ಲ.

ಗೆದ್ದ ಹಣವನ್ನು ಮತ್ತೆ ಮತ್ತೆ ಆಟಕ್ಕೇ ಹಾಕುವುದು ಇನ್ನೊಂದು ಸೋರಿಕೆ. ಸಾವಿರ ರೂಪಾಯಿ ಒಮ್ಮೆ ಪೂರ್ತಿ ಆಟದಲ್ಲಿ ಹಾದುಹೋದರೆ ಸರಾಸರಿ 950 ಉಳಿಯುತ್ತದೆ. ಆ 950 ಮತ್ತೊಮ್ಮೆ ಹಾದುಹೋದರೆ 902. ಹದಿನಾಲ್ಕು ಬಾರಿ ಹಾದುಹೋಗುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ. ಒಂದೇ ಏಟಿಗೆ ಐನೂರು ರೂಪಾಯಿ ಕಳೆದುಕೊಂಡವನು ಎಚ್ಚೆತ್ತುಕೊಳ್ಳಬಹುದು. ಹೀಗೆ ತೂತುಬಿದ್ದ ಕೊಡದಂತೆ ಸೋರಿದರೆ ತಿಳಿಯುವುದೇ ಇಲ್ಲ.

ಬೇಸಾಯವೂ ಮಳೆಯೊಡನೆ ಆಡುವ ಜೂಜು ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಹೂಮಳೆ ಸಮಯಕ್ಕೆ ಬಂದರೆ ಬೆಳೆ, ತಪ್ಪಿದರೆ ನಷ್ಟ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಮಳೆಗೆ ಬೆಳೆಗಾರನ ಹಣದಲ್ಲಿ ಪಾಲಿಲ್ಲ. ಒಳ್ಳೆಯ ವರ್ಷಗಳು ಕೆಟ್ಟ ವರ್ಷಗಳನ್ನು ತುಂಬಿಕೊಡಬಲ್ಲವು. ಶ್ರಮ ಮತ್ತು ತಿಳಿವಳಿಕೆ ಫಲಿತಾಂಶವನ್ನು ಬದಲಿಸಬಲ್ಲವು. ಚಕ್ರದ ಆಟದಲ್ಲಿ ಹೆಚ್ಚು ಆಡಿದಷ್ಟೂ ಲೆಕ್ಕ ಆಡಿಸುವವನ ಕಡೆಗೇ ವಾಲುತ್ತದೆ.

ಮನಸ್ಸು ಏಕೆ ಸೋಲುತ್ತದೆ?

ವಿದ್ಯಾವಂತರೂ ಬುದ್ಧಿವಂತರೂ ಇದರಲ್ಲಿ ಸಿಲುಕುವುದನ್ನು ಕಂಡು ಅನೇಕರು ಅಚ್ಚರಿಪಡುತ್ತಾರೆ. ಅಚ್ಚರಿಗೆ ಕಾರಣವಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುವುದಾದರೆ, ಕಾಳು ನಿಂತ ಮೇಲೆ ಪಾರಿವಾಳ ಬೇಗನೆ ಬಿಟ್ಟುಬಿಡುತ್ತದೆ. ಯಾವ ಕುಕ್ಕಿಗೆ ಕಾಳು ಬರುವುದೆಂದು ತಿಳಿಯದಂತೆ ಮಾಡಿದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. 1957ರಲ್ಲಿ ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್‌ಸ್ಟರ್ ಈ ಪ್ರಯೋಗಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕ್ಯಾಸಿನೊ ಯಂತ್ರಗಳು ಕೆಲಸಮಾಡುವುದು ಇದೇ ತತ್ತ್ವದ ಮೇಲೆ.

ಎರಡನೆಯದು ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಭಾವನೆ. ಮೂರು ಚಿತ್ರಗಳು ಒಂದೇ ಆಗಬೇಕಾದಲ್ಲಿ ಎರಡು ಕೂಡಿ ಮೂರನೆಯದು ಒಂದು ಗೆರೆ ಕೆಳಗೆ ನಿಲ್ಲುತ್ತದೆ. ಲೆಕ್ಕದ ಪ್ರಕಾರ ಅದೂ ಸೋಲೇ. ಆದರೆ ಲೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳು ಇಂತಹ ಸೋಲಿನಲ್ಲೂ ಚುರುಕಾಗುವುದು ಕಂಡುಬಂತು. ಸೋತವನಿಗೆ ಮಿದುಳು ‘ಹತ್ತಿರ ಬಂದೆ’ ಎಂದು ಹೇಳುತ್ತದೆ.

ಮೂರನೆಯದು ಗೆಲುವಿನ ವೇಷ ಧರಿಸಿದ ಸೋಲು. ಹತ್ತು ರೂಪಾಯಿ ಕಟ್ಟಿದವನಿಗೆ ನಾಲ್ಕು ರೂಪಾಯಿ ಮರಳುತ್ತದೆ. ಪರದೆಯ ಮೇಲೆ ನಾಣ್ಯಗಳ ಮಳೆ, ಕಿವಿಗೆ ವಾದ್ಯಘೋಷ. ಆರು ರೂಪಾಯಿ ಕಳೆದುಕೊಂಡವನು ಗೆದ್ದೆನೆಂದು ಭಾವಿಸುತ್ತಾನೆ.

ನಾಲ್ಕನೆಯದು ‘ಇಷ್ಟು ಸಲ ಸೋತಿದ್ದೇನೆ, ಇನ್ನು ಗೆಲ್ಲಲೇಬೇಕು’ ಎಂಬ ನಂಬಿಕೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದ ಒಂದು ಚಕ್ರದಲ್ಲಿ ಸತತ 26 ಬಾರಿ ಕಪ್ಪು ಬಣ್ಣವೇ ಬಂದಿತು. ಇನ್ನು ಕೆಂಪು ಬರಲೇಬೇಕೆಂದು ಹಣ ಸುರಿದವರು ಭಾರಿ ಮೊತ್ತ ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ. ಹಿಂದಿನ ಸುತ್ತಿನಲ್ಲಿ ಏನು ಬಂತು ಎಂಬುದು ಮುಂದಿನ ಸುತ್ತಿಗೆ ತಿಳಿಯದು.

ಎರಡನೆಯ ಕರೆ

ಜೂಜಿನ ಅನಾಹುತಕ್ಕೆ ಎಲ್ಲರೂ ಹೇಳುವ ಉದಾಹರಣೆ ಧರ್ಮರಾಯನದು. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಆ ಪ್ರಸಂಗವನ್ನು ಚಿತ್ರಿಸಿದ್ದಾರೆ. ಆದರೆ ಆ ಕಥೆಯ ಒಂದು ಅಂಶ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮೊದಲ ದ್ಯೂತದಲ್ಲಿ ಸೋತದ್ದೆಲ್ಲವೂ ಪಾಂಡವರಿಗೆ ಮರಳಿ ಸಿಕ್ಕಿತ್ತು. ದ್ರೌಪದಿಗೆ ಧೃತರಾಷ್ಟ್ರ ಕೊಟ್ಟ ವರದಿಂದಾಗಿ ಅವರು ಬಿಡುಗಡೆ ಹೊಂದಿ ಇಂದ್ರಪ್ರಸ್ಥದ ಹಾದಿ ಹಿಡಿದಿದ್ದರು. ಆಗ ಎರಡನೆಯ ಕರೆ ಬಂತು. ಧರ್ಮರಾಯ ಮರಳಿ ಹೋಗಿ ಕುಳಿತ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಬಂದದ್ದು ಆ ಎರಡನೆಯ ಆಟದಿಂದ.

ಮನೋವೈದ್ಯರು ಇಂದು ಹೇಳುವುದೂ ಇದನ್ನೇ. ಮೊದಲ ಸೋಲಿಗಿಂತ ಅಪಾಯಕಾರಿಯಾದುದು ಎದ್ದು ಹೊರಟ ನಂತರ ಮತ್ತೆ ಬಂದು ಕೂರುವುದು. ಕಳೆದುಕೊಂಡದ್ದನ್ನು ಅದೇ ಆಟದಿಂದ ಮರಳಿ ಪಡೆಯುವ ಪ್ರಯತ್ನ ಚಟದ ಪ್ರಮುಖ ಲಕ್ಷಣಗಳಲ್ಲಿ ಒಂದು. ಎರಡನೆಯ ಕರೆ ಇಂದು ಸಂದೇಶದ ರೂಪದಲ್ಲಿ ಬರುತ್ತದೆ: ‘ನಿಮ್ಮ ಖಾತೆಗೆ 100 ಉಚಿತ ನಾಣ್ಯ ಸೇರಿದೆ, ಇಂದೇ ಬಳಸಿ.’

ಕಾನೂನು ಏನು ಹೇಳುತ್ತದೆ?

1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜು ಮತ್ತು ಮಟ್ಕಾವನ್ನು ಅಪರಾಧವೆಂದು ಪರಿಗಣಿಸುತ್ತದೆ. 2007ರಲ್ಲಿ ರಾಜ್ಯದಲ್ಲಿ ಲಾಟರಿಯನ್ನು ನಿಷೇಧಿಸಲಾಯಿತು. ಇದೇ ಜಿಲ್ಲೆಯವರಾದ ಎಚ್.ಡಿ. ಕುಮಾರಸ್ವಾಮಿ ಆಗ ಮುಖ್ಯಮಂತ್ರಿಯಾಗಿದ್ದರು. ಆನ್‌ಲೈನ್ ಆಟಗಳ ವಿಷಯದಲ್ಲಿ ಹಾದಿ ಇಷ್ಟು ಸರಳವಾಗಿರಲಿಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು 1968ರಲ್ಲಿಯೇ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು.

ನಂತರ ಕೇಂದ್ರ ಸರ್ಕಾರ ಮುಂದಾಯಿತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 2025ರ ಆಗಸ್ಟ್ 20 ಮತ್ತು 21ರಂದು ಸಂಸತ್ತಿನ ಉಭಯ ಸದನಗಳಲ್ಲಿ ಅಂಗೀಕಾರಗೊಂಡು, 22ರಂದು ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಈ ಕಾಯ್ದೆ ಬದಿಗಿಟ್ಟಿದೆ. ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ಅದು ನಿಷೇಧದ ವ್ಯಾಪ್ತಿಗೆ ತಂದಿದೆ. ಇಂತಹ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ; ಜಾಹೀರಾತು ನೀಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಯವರೆಗೆ ದಂಡ. ಆಡುವವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಅವರನ್ನು ತೊಂದರೆಗೆ ಒಳಗಾದವರೆಂದು ಪರಿಗಣಿಸಲಾಗಿದೆ. ಸುಮಾರು 45 ಕೋಟಿ ಜನ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಿದ್ದಾರೆಂಬುದು ಆ ಸಂದರ್ಭದಲ್ಲಿ ಸರ್ಕಾರ ಮುಂದಿಟ್ಟ ಅಂದಾಜು. ದೊಡ್ಡ ಕಂಪನಿಗಳು ಆ ತಿಂಗಳಲ್ಲೇ ಹಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿದಂತೆ ವಿವಿಧ ಹೈಕೋರ್ಟ್‌ಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಹಾಗಾದರೆ ಉಳಿದದ್ದೇನು? ಎರಡು ಬಗೆಯ ಆಟಗಳು. ಒಂದು, ಹಣ ಗೆಲ್ಲುವ ಅವಕಾಶವೇ ಇಲ್ಲದ, ಕೇವಲ ಪರದೆಯ ಮೇಲಿನ ನಾಣ್ಯಗಳಿಂದ ಆಡುವ ಆಟಗಳು. ಮತ್ತೊಂದು, ವಿದೇಶದಿಂದ ಕಾನೂನುಬಾಹಿರವಾಗಿ ನಡೆಯುವ, ವಾಟ್ಸ್ಆ್ಯಪ್ ಮತ್ತು ಟೆಲಿಗ್ರಾಂ ಕೊಂಡಿಗಳ ಮೂಲಕ ಹರಡುವ ಹಣದ ಆಟಗಳು.

ಎರಡನೆಯದರ ವಿಷಯದಲ್ಲಿ ‘ಮಿತವಾಗಿ ಆಡಿ’ ಎಂಬ ಸಲಹೆಗೆ ಅರ್ಥವಿಲ್ಲ, ದೂರವಿರುವುದೊಂದೇ ದಾರಿ. ಅಲ್ಲಿ ಚಕ್ರ ಪ್ರಾಮಾಣಿಕವಾಗಿ ತಿರುಗುತ್ತದೆಂಬ ಖಾತ್ರಿಯಿಲ್ಲ. ಗೆದ್ದ ಹಣ ಕೊಡದಿದ್ದರೆ ಕೇಳುವವರಿಲ್ಲ. ಹಣದ ವಹಿವಾಟು ಅನೇಕ ವೇಳೆ ಬೇರೆಯವರ ಹೆಸರಿನ ಬಾಡಿಗೆ ಖಾತೆಗಳ ಮೂಲಕ ನಡೆಯುತ್ತದೆ. ಅಂತಹ ಖಾತೆಯ ಮೇಲೆ ಎಲ್ಲೋ ಸೈಬರ್ ದೂರು ದಾಖಲಾದರೆ, ಅದರಿಂದ ಹಣ ಪಡೆದವರ ಖಾತೆಯೂ ಸ್ಥಗಿತಗೊಳ್ಳಬಹುದು. ಗೆದ್ದ ಎರಡು ಸಾವಿರ ರೂಪಾಯಿಗಾಗಿ ಬೆಳೆಸಾಲದ ಖಾತೆ, ಬಟವಾಡೆಯ ಖಾತೆ ನಿಂತುಹೋದರೆ ತೋಟದ ಕೆಲಸವೇ ನಿಲ್ಲುತ್ತದೆ.

ಹಣವಿಲ್ಲದ ಆಟಕ್ಕೂ ಮಿತಿ ಬೇಕೆ?

ನಾಣ್ಯದ ಆಟದಲ್ಲಿ ಕಳೆದುಕೊಳ್ಳಲು ಏನಿದೆ ಎಂದು ಕೇಳುವವರಿದ್ದಾರೆ. ಕಳೆದುಕೊಳ್ಳುವುದು ಎರಡು: ಹೊತ್ತು ಮತ್ತು ಅಭ್ಯಾಸ. ಅನೇಕ ಆಟಗಳಲ್ಲಿ ಉಚಿತ ನಾಣ್ಯ ಮುಗಿದಾಗ ನಿಜವಾದ ಹಣ ಕೊಟ್ಟು ಕೊಳ್ಳುವ ಅವಕಾಶವಿರುತ್ತದೆ. ಹಾಗೆ ಕೊಂಡ ನಾಣ್ಯ ಎಂದಿಗೂ ಹಣವಾಗಿ ಮರಳದು. ಇದಲ್ಲದೆ ಉಚಿತ ಆಟದಲ್ಲಿ ಗೆಲುವು ಧಾರಾಳವಾಗಿ ಬರುವಂತೆ ಹೊಂದಿಸಿರಬಹುದು. ಅಲ್ಲಿ ಸದಾ ಗೆದ್ದವನು ‘ಇದೇ ಹಣವಾಗಿದ್ದರೆ’ ಎಂದು ಯೋಚಿಸತೊಡಗಿದರೆ ಮುಂದಿನ ಹೆಜ್ಜೆ ಎತ್ತ ಎಂಬುದನ್ನು ಊಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಜೂಜಿನ ಗೀಳಿನ ಜೊತೆಗೆ, ಹಣದ ಸಂಬಂಧವೇ ಇಲ್ಲದ ಗೇಮಿಂಗ್ ಗೀಳೂ ಸೇರಿದೆ ಎಂಬುದು ಗಮನಾರ್ಹ.

ಹಾಗೆಂದು ಫೋನನ್ನೇ ದೂರವಿಡುವುದು ಈ ಭಾಗದಲ್ಲಿ ಸಾಧ್ಯವಿಲ್ಲ. ಕಾಡಾನೆಗಳ ಹಿಂಡು ಎಲ್ಲಿದೆ ಎಂಬ ಎಚ್ಚರಿಕೆಯ ಸಂದೇಶ ಬರುವುದು ಮೊಬೈಲಿಗೆ. ಕಾಫಿಯ ದರ, ಮಳೆಯ ಮುನ್ಸೂಚನೆ, ಮಕ್ಕಳ ಶಾಲೆಯ ಸೂಚನೆ ಎಲ್ಲವೂ ಅದರಲ್ಲೇ. ಆದ್ದರಿಂದ ಫೋನ್ ಇಟ್ಟುಕೊಂಡೇ ಮಿತಿಯಲ್ಲಿರುವ ವಿಧಾನ ಕಂಡುಕೊಳ್ಳಬೇಕಾಗಿದೆ.

ಮಿತಿಯ ಕೆಲವು ಸೂತ್ರಗಳು

* ಮಿತಿಯನ್ನು ಆಟಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಿ. ಆಡುತ್ತಿರುವಾಗ ಮಾಡುವ ತೀರ್ಮಾನ ಆಟದ ತೀರ್ಮಾನವೇ ಹೊರತು ನಿಮ್ಮದಲ್ಲ. ಅರ್ಧ ಗಂಟೆ ಎಂದುಕೊಂಡರೆ ಅಲಾರಂ ಇಟ್ಟು ಆರಂಭಿಸಿ. ಫೋನನ್ನು ಕೈಯಿಂದ ಕೆಳಗಿಟ್ಟು ಎದ್ದು ನಿಲ್ಲಿ.

* ಆ್ಯಂಡ್ರಾಯ್ಡ್ ಫೋನುಗಳ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನ ‘ಸ್ಕ್ರೀನ್ ಟೈಮ್’ ಸೌಲಭ್ಯಗಳಲ್ಲಿ ಪ್ರತಿ ಆ್ಯಪ್‌ಗೂ ದಿನದ ಕಾಲಮಿತಿ ಹಾಕಬಹುದು. ಸಾಧ್ಯವಾದರೆ ಅದರ ಗುಪ್ತಸಂಖ್ಯೆ ಮನೆಯ ಇನ್ನೊಬ್ಬರ ಬಳಿ ಇರಲಿ.

* ಆಟದ ಸೂಚನಾ ಸಂದೇಶಗಳನ್ನು ನಿಲ್ಲಿಸಿ. ‘ಎರಡನೆಯ ಕರೆ’ ಕೇಳಿಸದಂತೆ ಮಾಡುವುದು ಅರ್ಧ ಗೆಲುವು.

* ನಾಣ್ಯ ಕೊಳ್ಳುವುದಾದರೆ ಅದನ್ನು ಸಿನಿಮಾ ಟಿಕೆಟ್ಟಿನಂತೆ ಖರ್ಚೆಂದೇ ಬರೆದುಕೊಳ್ಳಿ. ತಿಂಗಳ ಮೊತ್ತ ಮೊದಲೇ ನಿಗದಿಯಾಗಿರಲಿ. ಫೋನಿನಲ್ಲಿ ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಹೊಂದಿಸಿ. ಯುಪಿಐನಲ್ಲಿ ‘ಆಟೊಪೇ’ ಒಪ್ಪಿಗೆಗಳೇನಾದರೂ ಉಳಿದಿದ್ದರೆ ಪರೀಕ್ಷಿಸಿ ರದ್ದುಮಾಡಿ.

* ವರ್ಷದ ಕಾಫಿ ಹಣ ಬರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ದಿನನಿತ್ಯದ ಖರ್ಚಿಗೆ ಸಣ್ಣ ಮೊತ್ತದ ಬೇರೊಂದು ಖಾತೆ ಸಾಕು. 2024ರಲ್ಲಿ ರೊಬಸ್ಟಾ ದರ ದಾಖಲೆಯ ಮಟ್ಟಕ್ಕೆ ಏರಿ ಅನೇಕರ ಕೈಗೆ ಎಂದೂ ಕಾಣದಷ್ಟು ಹಣ ಬಂದಿತು. ಅನಿರೀಕ್ಷಿತವಾಗಿ ಬಂದ ಹಣ ಸಲೀಸಾಗಿ ಕೈಬಿಡುತ್ತದೆ. ಒಳ್ಳೆಯ ವರ್ಷದ ಹಣ ಕೆಟ್ಟ ವರ್ಷಕ್ಕೆ ಬೇಕಾಗುತ್ತದೆಂಬುದು ಬೆಳೆಗಾರರಿಗೆ ಹೇಳಿಕೊಡಬೇಕಾದ ಪಾಠವಲ್ಲ.

* ಕುಡಿದಾಗ, ಜಗಳವಾಡಿ ಬಂದಾಗ, ನಿದ್ದೆ ಬಾರದಾಗ, ಸಾಲಗಾರರು ಮನೆಗೆ ಬಂದುಹೋದ ದಿನ ಆಡಬೇಡಿ. ದುಃಖ ಮರೆಯಲು ಆಡುವ ಆಟ ದುಃಖವನ್ನು ಹೆಚ್ಚಿಸುತ್ತದೆ.

* ಲೆಕ್ಕ ಬರೆಯಿರಿ. ಮಲೆನಾಡಿನ ಅನೇಕ ತೋಟಗಳಲ್ಲಿ ಪ್ರತಿದಿನ ಬೆಳಗ್ಗೆ ಮಳೆ ಅಳತೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ಇದೆ. ‘ಈ ವರ್ಷ ಮಳೆ ಜಾಸ್ತಿ’ ಎಂಬ ಅನಿಸಿಕೆಯನ್ನು ಆ ಪುಸ್ತಕ ಸರಿಯೋ ತಪ್ಪೋ ಎಂದು ತೋರಿಸಿಬಿಡುತ್ತದೆ. ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಆಟದ ಹೊತ್ತನ್ನೂ ಖರ್ಚನ್ನೂ ಒಂದು ತಿಂಗಳು ಬರೆದು ನೋಡಿ. ‘ಸ್ವಲ್ಪ ಹೊತ್ತು ಆಡುತ್ತೇನೆ’ ಎಂಬ ಅನಿಸಿಕೆ ಎಷ್ಟು ಸರಿ ಎಂಬುದು ತಿಳಿಯುತ್ತದೆ. ಬರೆಯಲು ಮನಸ್ಸು ಹಿಂಜರಿಯುವುದಾದರೆ ಅದೇ ಮೊದಲ ಎಚ್ಚರಿಕೆ.

ನಿಲ್ಲಿಸಲೇಬೇಕಾದ ಲಕ್ಷಣಗಳು

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿ ಒಂಬತ್ತು ಲಕ್ಷಣಗಳನ್ನು ಪಟ್ಟಿಮಾಡಲಾಗಿದೆ. ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಕಂಡುಬಂದರೆ ಅದನ್ನು ಚಿಕಿತ್ಸೆ ಬೇಕಾದ ಕಾಯಿಲೆಯೆಂದು ಪರಿಗಣಿಸುತ್ತಾರೆ. ಸರಳವಾಗಿ ಹೇಳುವುದಾದರೆ:

1. ಮೊದಲಿನ ರೋಮಾಂಚನ ಸಿಗಲು ಹೆಚ್ಚು ಹೆಚ್ಚು ಹಣ ಕಟ್ಟಬೇಕಾಗುವುದು.
2. ಕಡಿಮೆಮಾಡಲು ಹೊರಟಾಗ ಚಡಪಡಿಕೆ, ಸಿಡುಕು.
3. ನಿಲ್ಲಿಸಲು ಹಲವು ಬಾರಿ ಯತ್ನಿಸಿ ಸೋಲುವುದು.
4. ಕೆಲಸದಲ್ಲಿದ್ದಾಗಲೂ ಆಟದ್ದೇ ಯೋಚನೆ.
5. ಬೇಸರ, ಆತಂಕವಾದಾಗಲೆಲ್ಲ ಆಟಕ್ಕೆ ಮೊರೆಹೋಗುವುದು.
6. ಕಳೆದುಕೊಂಡದ್ದನ್ನು ಹಿಂಪಡೆಯಲು ಮರುದಿನವೇ ಮತ್ತೆ ಆಡುವುದು.
7. ಎಷ್ಟು ಆಡಿದೆ ಎಂಬ ಬಗ್ಗೆ ಸುಳ್ಳು ಹೇಳುವುದು.
8. ಸಂಸಾರ, ಉದ್ಯೋಗ, ಓದು ಕೆಡುವ ಹಂತಕ್ಕೆ ಬರುವುದು.
9. ಹಣದ ಸಂಕಟದಿಂದ ಪಾರುಮಾಡಲು ಇತರರನ್ನು ಆಶ್ರಯಿಸುವುದು.

ನಾಲ್ಕು ತುಂಬುವವರೆಗೆ ಕಾಯಬೇಕೆಂದು ಇದರ ಅರ್ಥವಲ್ಲ. ಆರನೆಯದು ಮತ್ತು ಏಳನೆಯದು ಕಂಡ ದಿನವೇ ಆಟದ ಆ್ಯಪನ್ನು ಅಳಿಸಿಹಾಕಿ, ವಿಷಯವನ್ನು ನಂಬಿಕಸ್ಥರೊಬ್ಬರಿಗೆ ತಿಳಿಸುವುದು ಉತ್ತಮ. ಒಡವೆ ಅಡವಿಡುವುದು, ತೋಟದ ಗೊಬ್ಬರದ ಹಣ ತೆಗೆಯುವುದು, ಮೇಸ್ತ್ರಿಯ ಬಳಿ ಮುಂಗಡ ಕೇಳುವುದು, ಸಂಘದ ಕಂತು ತಪ್ಪಿಸುವುದು ನಮ್ಮಲ್ಲಿ ಕಾಣುವ ಸ್ಪಷ್ಟ ಸೂಚನೆಗಳು.

ಮನೆಯವರು ಏನು ಮಾಡಬೇಕು?

ವಿಷಯ ತಿಳಿದ ದಿನ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಬೈಗುಳ, ಆಣೆ ಪ್ರಮಾಣ. ಇಲ್ಲವೇ ಮಾನಕ್ಕೆ ಅಂಜಿ ಗುಟ್ಟಾಗಿ ಸಾಲ ತೀರಿಸಿಬಿಡುವುದು. ಎರಡರಿಂದಲೂ ಪ್ರಯೋಜನ ಕಡಿಮೆ. ಬೈಗುಳ ಸುಳ್ಳನ್ನು ಹೆಚ್ಚಿಸುತ್ತದೆ. ಗುಟ್ಟಾಗಿ ತೀರಿಸಿದ ಸಾಲ ಮುಂದಿನ ಆಟಕ್ಕೆ ಬಂಡವಾಳವಾಗುತ್ತದೆ.

ಮೊದಲು ಸಾಲದ ಪೂರ್ಣ ಪಟ್ಟಿಯನ್ನು ಕಾಗದದ ಮೇಲೆ ಬರೆಸಬೇಕು. ಬ್ಯಾಂಕ್, ಸಹಕಾರ ಸಂಘ, ಕೈಗಡ, ಸಾಲದ ಆ್ಯಪ್ ಎಲ್ಲವೂ ಅದರಲ್ಲಿರಲಿ. ಕೆಲಕಾಲ ಹಣದ ಆಡಳಿತ ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ಸಾಲವನ್ನು ಕಂತಿನಲ್ಲಿ, ಆಡಿದವನ ದುಡಿಮೆಯಿಂದಲೇ ತೀರಿಸುವ ಯೋಜನೆಯಾಗಲಿ. ಸಾಲ ನೀಡಿದವರು ಬಲವಂತ, ಕಿರುಕುಳಕ್ಕೆ ಇಳಿದರೆ ಸುಮ್ಮನಿರಬೇಕಾಗಿಲ್ಲ. ಕಿರುಸಾಲ ವಸೂಲಿಯಲ್ಲಿ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದು ನಂತರ ಕಾಯ್ದೆಯಾಯಿತು. ಆದ್ದರಿಂದ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು.

‘ನಾನಿದ್ದು ಏನು ಪ್ರಯೋಜನ’, ‘ಎಲ್ಲ ಮುಗಿಯಿತು’ ಎಂಬಂತಹ ಮಾತು ಕೇಳಿಬಂದರೆ ಅದನ್ನು ಹಗುರವಾಗಿ ಪರಿಗಣಿಸಬಾರದು. ಸಾಲದ ಲೆಕ್ಕವನ್ನು ಅಂದಿಗೆ ಬದಿಗಿಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕದಂತಹ ವಸ್ತುಗಳನ್ನು ಕೈಗೆಟುಕದಂತೆ ಬೀಗಹಾಕಿಡಿ, ಕೂಡಲೇ ನೆರವು ಪಡೆಯಿರಿ.

ನೆರವು ಎಲ್ಲಿ ದೊರೆಯುತ್ತದೆ?

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಹೆಸರು ಊರು ಹೊರಬೀಳುವ ಭಯದಿಂದ ಹಿಂಜರಿಯುವವರಿಗೆ ಇದು ಅನುಕೂಲ. ತುರ್ತು ಸಂದರ್ಭಕ್ಕೆ 112. ಆನ್‌ಲೈನ್ ವಂಚನೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಸೇರಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ‘ಮನೋಚೈತನ್ಯ’ ಕಾರ್ಯಕ್ರಮದ ಬಗ್ಗೆ ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲ್, ಅಂತರ್ಜಾಲ, ಗೇಮಿಂಗ್ ಗೀಳಿಗೆಂದೇ ‘ಶಟ್ ಕ್ಲಿನಿಕ್’ ಎಂಬ ವಿಶೇಷ ಚಿಕಿತ್ಸಾಲಯ 2014ರಿಂದ ಕಾರ್ಯನಿರ್ವಹಿಸುತ್ತಿದೆ. ಈ ಗೀಳು ಸ್ವಭಾವದ ದೋಷವಲ್ಲ, ಚಿಕಿತ್ಸೆಗೆ ಸ್ಪಂದಿಸುವ ಕಾಯಿಲೆ. ಮಾತಿನ ಚಿಕಿತ್ಸೆಯಿಂದ, ಅಗತ್ಯವಿದ್ದರೆ ಔಷಧದಿಂದ ಹೊರಬಂದವರು ಅನೇಕರಿದ್ದಾರೆ.

ಕೊನೆಯದಾಗಿ ಒಂದು ಮಾತು. ಗೆದ್ದಾಗ ನಿಲ್ಲಿಸುತ್ತೇನೆ ಎನ್ನುವವನು ಗೆದ್ದಾಗ ನಿಲ್ಲಿಸುವುದಿಲ್ಲ. ಸೋತದ್ದು ಬಂದರೆ ನಿಲ್ಲಿಸುತ್ತೇನೆ ಎನ್ನುವವನಿಗೆ ಅದು ಬರುವುದಿಲ್ಲ. ಗೆಲುವು ಸೋಲುಗಳಿಗೆ ಸಂಬಂಧವಿಲ್ಲದೆ ಗಡಿಯಾರ ನೋಡಿ ಏಳುವುದನ್ನು ರೂಢಿಸಿಕೊಂಡವನಿಗೆ ಮಾತ್ರ ಆಟ ಆಟವಾಗಿ ಉಳಿಯುತ್ತದೆ. ಇಂದು ರಾತ್ರಿ ಗೊತ್ತುಮಾಡಿದ ಹೊತ್ತಿಗೆ ಫೋನ್ ಕೆಳಗಿಡಲು ಸಾಧ್ಯವೇ ಎಂದು ಪರೀಕ್ಷಿಸಿ ನೋಡಿ. ಸಾಧ್ಯವಾದರೆ ಸಂತೋಷ. ಸಾಧ್ಯವಾಗದಿದ್ದರೆ 14416 ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಾಳೆ ಬೆಳಗ್ಗೆ ಕರೆಮಾಡಿ.